ಐದು ಭತ್ತದ ಕಾಳುಗಳು: ಎಳೆಯರಿಗೆ ಧರ್ಮವನ್ನು ಕಥೆಯಾಗಿ ಹೇಳುವ ಬಗೆ

ಚಾಮರಾಜನಗರಕ್ಕೆ ಈಗಿನ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಅದು ಅರಿಕುಠಾರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ಕ್ರಿ.ಶ. 1117ರಲ್ಲಿ ಇಲ್ಲಿ ಬಸದಿಯನ್ನು ಕಟ್ಟಿಸಿದನು. ಪಾರ್ಶ್ವನಾಥ ಬಸದಿಯ ಶಾಸನವು ಅವನ ಗೆಲವುಗಳನ್ನು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಅಧಿಕಾರ ಕಳೆದುಕೊಂಡ ಕಿರಾತ ನಾಯಕನಿಗೆ ಅವರವರು ಕಳೆದುಕೊಂಡುದನ್ನು ಕೊಟ್ಟು ಸಲಹಿದವನೆಂದು ಅವನನ್ನು ಹೊಗಳುತ್ತದೆ. ಕೈಹಿಡಿದು ಬಸದಿಗೆ ಕರೆತಂದ ಮಗುವಿಗೆ ಹೇಳಬಹುದಾದ ಕಥೆಯೊಂದು ಆ ಕಲ್ಲಿನಲ್ಲಿಯೇ ಇದೆ. ಆದರೆ ಅದನ್ನು ಮಗುವಿಗೆ ಹೇಳುವ ವಾಡಿಕೆ ಕಡಿಮೆ. ಮಗು ಪ್ರದಕ್ಷಿಣೆ ಬರುತ್ತದೆ, ಕೈಮುಗಿಯುತ್ತದೆ, ಗಂಧೋದಕವನ್ನು ಹಣೆಗೆ ಹಚ್ಚಿಕೊಳ್ಳುತ್ತದೆ, ಮನೆಗೆ ಮರಳುತ್ತದೆ.

ಅದೇ ಭಾನುವಾರ ನೆರೆಯ ಬೀದಿಯ ಕ್ರೈಸ್ತ ಮನೆಯ ಮಗು ಭಾನುವಾರದ ಶಾಲೆಗೆ ಹೋಗಿರುತ್ತದೆ. ಅಲ್ಲಿ ಅದಕ್ಕೆ ಒಂದು ಕಥೆಯನ್ನು ಹೇಳುತ್ತಾರೆ, ಒಂದು ಹಾಡನ್ನು ಕಲಿಸುತ್ತಾರೆ, ಕಥೆಯ ಚಿತ್ರಕ್ಕೆ ಬಣ್ಣ ತುಂಬಿಸುತ್ತಾರೆ. ಬೇಸಿಗೆ ರಜೆ ಬಂದಾಗ ವಿ.ಬಿ.ಎಸ್. ಎಂಬ ಹೆಸರಿನಲ್ಲಿ ಕೆಲವು ದಿನಗಳ ಶಿಬಿರವೂ ನಡೆಯುತ್ತದೆ. ಎಳೆಯರಿಗೆ ನಂಬಿಕೆಯನ್ನು ದಾಟಿಸುವ ಈ ಬಗೆಯನ್ನು ಕುರಿತು ಜೈನ ಕುಟುಂಬಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಅವರು ಮಕ್ಕಳ ಮನಸ್ಸನ್ನು ಸೆಳೆಯುತ್ತಾರೆ ಎಂಬುದು ಒಂದು. ಅವರಂತೆ ನಮ್ಮವರಿಗೆ ಹೇಳಲು ಬರುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಭಯವಿದೆ, ಎರಡನೆಯದರಲ್ಲಿ ಕೀಳರಿಮೆಯಿದೆ. ಎರಡರಲ್ಲಿಯೂ ಪರೀಕ್ಷೆಯಿಲ್ಲ. ಆ ಕಥೆಗಳಲ್ಲಿ ಏನಿದೆ, ಆ ಚಟುವಟಿಕೆಗಳು ಮಗುವಿನ ಮನಸ್ಸಿನಲ್ಲಿ ಏನನ್ನು ಮಾಡುತ್ತವೆ, ಜೈನ ಕಥಾಸಾಹಿತ್ಯದ ಎದುರಿಗೆ ಇಟ್ಟಾಗ ಅವು ಹೇಗೆ ಕಾಣುತ್ತವೆ ಎಂಬ ವಿಚಾರ ನಡೆದುದು ಅಪರೂಪ.

ಈ ಭಯಕ್ಕೆ ಕಾರಣವಿಲ್ಲದೆ ಇಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರು ಶೇಕಡಾ 0.72, ಕ್ರೈಸ್ತರು ಶೇಕಡಾ 1.87. ಇಬ್ಬರೂ ಅಲ್ಪಸಂಖ್ಯಾತರೇ. ಗುಂಡ್ಲುಪೇಟೆಯಂಥ ಊರಿನಲ್ಲಿ ತನ್ನ ತರಗತಿಯಲ್ಲಿ ತಾನೊಬ್ಬಳೇ ಜೈನಳೆಂದು ಕಂಡುಕೊಳ್ಳುವ ಹುಡುಗಿಗೆ ತನ್ನ ಧರ್ಮವೆಂದರೆ ಬಹುಮಟ್ಟಿಗೆ ಬೇಡವೆಂದು ಹೇಳಬೇಕಾದ ಸಂಗತಿಗಳ ಪಟ್ಟಿ: ಮೊಟ್ಟೆ ಬೇಡ, ರಾತ್ರಿ ಊಟ ಬೇಡ, ಗೆಡ್ಡೆ ಬೇಡ. ಯಾಕೆ ಬೇಡ ಎಂದು ಗೆಳತಿ ಕೇಳಿದರೆ ಉತ್ತರವಾಗಿ ಹೇಳಲು ಅವಳಲ್ಲಿ ಒಂದು ಕಥೆಯಿಲ್ಲ. ಗೆಳತಿಯಲ್ಲಿ ಕಥೆಯಿದೆ. ಪ್ರಶ್ನೆಯ ತಿರುಳು ಇಲ್ಲಿದೆ.

ಭಾನುವಾರದ ಶಾಲೆ

ಭಾನುವಾರದ ಶಾಲೆಯೆಂಬುದು ಕ್ರೈಸ್ತಧರ್ಮದಷ್ಟು ಹಳೆಯದಲ್ಲ. ಇಂಗ್ಲೆಂಡಿನ ಗ್ಲೌಸ್ಟರ್ ನಗರದಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕಾ ಸಂಪಾದಕನು 1780ರಲ್ಲಿ ಆರಂಭಿಸಿದ ಪ್ರಯತ್ನದಿಂದ ಅದು ಪ್ರಸಿದ್ಧಿಗೆ ಬಂದಿತು. ವಾರದ ಆರು ದಿನವೂ ದುಡಿಯುತ್ತಿದ್ದ ಬಡಮಕ್ಕಳಿಗೆ ಬಿಡುವಿದ್ದ ಒಂದೇ ದಿನ ಭಾನುವಾರ. ಆ ದಿನ ಅವರಿಗೆ ಓದು ಕಲಿಸುವುದೇ ಮೊದಲ ಕೆಲಸವಾಗಿತ್ತು, ಓದುವ ಪುಸ್ತಕ ಬೈಬಲ್ ಆಗಿತ್ತು. ಅಕ್ಷರದಾನ ಮತ್ತು ಧರ್ಮಬೋಧೆಗಳು ಒಂದೇ ಹಲಗೆಯ ಮೇಲೆ ಬಂದುದು ಹೀಗೆ.

ಕನ್ನಡ ನಾಡಿಗೆ ಬಂದ ಮಿಷನರಿಗಳೂ ಇದೇ ಜೋಡಣೆಯನ್ನು ತಂದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲಿನ ಕನ್ನಡ ಅನುವಾದದಲ್ಲಿ ತೊಡಗಿದನು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯಗಳನ್ನು ಸ್ಥಾಪಿಸಿದರು. ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯಲ್ಲಿ ಏಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದನು. ಪರದೇಶದ ಕಥೆ ಕನ್ನಡದ ಕಿವಿಗೆ ಒಗ್ಗಬೇಕಾದರೆ ಕನ್ನಡದ ನಡಿಗೆಯಲ್ಲಿಯೇ ಬರಬೇಕೆಂದು ಅವನು ಅರಿತಿದ್ದನು. ಇದೇ ಕಿಟ್ಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದನು. ಜೈನ ವೈಯಾಕರಣನ ಪಾಠವನ್ನು ಕಲಿತ ಮಿಷನರಿಯ ಕೈಯಲ್ಲಿ ಕ್ರೈಸ್ತ ಕಥೆ ಕನ್ನಡವಾಯಿತು ಎನ್ನುವುದು ಮರೆಯಬಾರದ ಸಂಗತಿ.

ಆದುದರಿಂದ ಕಥೆಯ ಮೂಲಕ ಧರ್ಮವನ್ನು ಹೇಳುವ ಕ್ರಮವನ್ನು ಹೊರಗಿನದೆಂದು ಶಂಕಿಸುವುದಕ್ಕೆ ಆಧಾರವಿಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯೇ ಅದಕ್ಕೆ ಸಾಕ್ಷಿ. ಪ್ರಾಕೃತ ಗಾಹೆಗಳಲ್ಲಿ ಸೂಚ್ಯವಾಗಿದ್ದ ಮಹಾಪುರುಷರ ಹತ್ತೊಂಬತ್ತು ಕಥೆಗಳನ್ನು ಅದು ಕನ್ನಡ ಗದ್ಯದಲ್ಲಿ ಬಿಡಿಸಿ ಹೇಳಿತು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಿರೂಪಿಸಿದ ಮೇಲೆ ಒಂದೊಂದು ಅಂಗಕ್ಕೆ ಒಬ್ಬೊಬ್ಬರನ್ನು ಹೆಸರಿಸಿದ್ದಾರೆ: ಅಂಜನಚೋರ, ಅನಂತಮತಿ, ಉದ್ದಾಯನ, ರೇವತಿ ಮುಂತಾದವರು. ಲಕ್ಷಣವನ್ನು ಹೇಳಿದರೆ ಸಾಲದು, ಅದನ್ನು ಬಾಳಿದ ಒಬ್ಬ ವ್ಯಕ್ತಿ ಕಣ್ಣಮುಂದೆ ನಿಲ್ಲಬೇಕು ಎಂಬ ತಿಳಿವು ಇದರ ಹಿಂದಿದೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯ ಮಡಿಲಲ್ಲಿ ಬೆಳೆದ ದೇವಚಂದ್ರನು ಹತ್ತೊಂಬತ್ತನೆಯ ಶತಮಾನದಲ್ಲಿ ‘ರಾಜಾವಳೀ ಕಥೆ’ಯನ್ನು ರಚಿಸಿದನು. ಇತಿಹಾಸ, ಐತಿಹ್ಯ, ಧರ್ಮಕಥೆ ಎಲ್ಲವೂ ಅದರಲ್ಲಿ ಬೆರೆತಿವೆ. ಕಥೆಯ ಕೊರತೆ ಈ ನೆಲಕ್ಕೆ ಎಂದೂ ಇರಲಿಲ್ಲ. ಕೊರತೆಯಾದುದು ಎಳೆಯರ ಎದುರು ಕುಳಿತು ಹೇಳುವವರದು.

ಎರಡು ಕಥೆ, ಎರಡು ತಕ್ಕಡಿ

ಬೈಬಲ್ಲಿನ ಕಥೆಗಳನ್ನು ಜೈನ ಕಥೆಗಳ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಎಷ್ಟು ಆಳವಾಗಿದೆಯೋ ವ್ಯತ್ಯಾಸವೂ ಅಷ್ಟೇ ಆಳವಾಗಿರುವುದು ಕಾಣುತ್ತದೆ.

ಮತ್ತಾಯನ ಸುವಾರ್ತೆಯಲ್ಲಿ ಒಬ್ಬ ಧಣಿ ದೂರದೇಶಕ್ಕೆ ಹೊರಡುವಾಗ ಮೂವರು ಆಳುಗಳಿಗೆ ತಲಾಂತುಗಳೆಂಬ ಹಣವನ್ನು ಒಪ್ಪಿಸುತ್ತಾನೆ. ಇಬ್ಬರು ಅದನ್ನು ಬೆಳೆಸುತ್ತಾರೆ. ಮೂರನೆಯವನು ಹೆದರಿ ನೆಲದಲ್ಲಿ ಹೂತಿಟ್ಟು, ಇದ್ದಷ್ಟನ್ನು ಹಿಂತಿರುಗಿಸುತ್ತಾನೆ. ಧಣಿ ಅವನನ್ನು ಮೈಗಳ್ಳನೆಂದು ಬಯ್ದು, ಅವನ ಪಾಲನ್ನು ಕಿತ್ತುಕೊಂಡು, ಹೊರಗಿನ ಕತ್ತಲೆಗೆ ತಳ್ಳಿಸುತ್ತಾನೆ. ಶ್ವೇತಾಂಬರ ಆಗಮವಾದ ‘ಉತ್ತರಾಧ್ಯಯನ’ದ ಏಳನೆಯ ಅಧ್ಯಯನದಲ್ಲಿ ಮೂವರು ವರ್ತಕರು ಬಂಡವಾಳದೊಂದಿಗೆ ಹೊರಡುತ್ತಾರೆ. ಒಬ್ಬನು ಲಾಭ ಗಳಿಸುತ್ತಾನೆ, ಒಬ್ಬನು ಬಂಡವಾಳವನ್ನಷ್ಟೇ ಉಳಿಸಿಕೊಂಡು ಬರುತ್ತಾನೆ, ಒಬ್ಬನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಇಲ್ಲಿ ಬಂಡವಾಳವೆಂದರೆ ಮನುಷ್ಯಜನ್ಮ, ಲಾಭವೆಂದರೆ ಸ್ವರ್ಗ, ನಷ್ಟವೆಂದರೆ ನರಕ ಮತ್ತು ತಿರ್ಯಗ್ಗತಿಗಳು. 1895ರಲ್ಲಿ ಈ ಸೂತ್ರವನ್ನು ಇಂಗ್ಲಿಷಿಗೆ ತಂದ ಹರ್ಮನ್ ಯಾಕೋಬಿಯೂ ಈ ಸಾಮ್ಯವನ್ನು ಗುರುತಿಸಿದ್ದಾನೆ.

ಇದೇ ಬಗೆಯ ಇನ್ನೊಂದು ಕಥೆ ‘ಜ್ಞಾತಾಧರ್ಮಕಥಾ’ದಲ್ಲಿದೆ. ರಾಜಗೃಹದ ಸಾರ್ಥವಾಹನೊಬ್ಬನು ನಾಲ್ವರು ಸೊಸೆಯರಿಗೆ ಐದೈದು ಭತ್ತದ ಕಾಳುಗಳನ್ನು ಕೊಟ್ಟು, ಕೇಳಿದಾಗ ಹಿಂತಿರುಗಿಸಬೇಕೆಂದು ಹೇಳುತ್ತಾನೆ. ಮೊದಲನೆಯವಳು ಎಸೆದುಬಿಡುತ್ತಾಳೆ, ಎರಡನೆಯವಳು ತಿಂದುಬಿಡುತ್ತಾಳೆ, ಮೂರನೆಯವಳು ಕರಡಿಗೆಯಲ್ಲಿ ಜೋಪಾನವಾಗಿಡುತ್ತಾಳೆ. ನಾಲ್ಕನೆಯವಳಾದ ರೋಹಿಣಿ ಬಿತ್ತಿಸುತ್ತಾಳೆ. ಐದು ವರ್ಷಗಳ ಮೇಲೆ ಮಾವ ಕೇಳಿದಾಗ ಆ ಕಾಳುಗಳನ್ನು ತರಲು ಗಾಡಿಗಳು ಬೇಕಾಗುತ್ತವೆ. ಎಸೆದವಳಿಗೆ ಮನೆ ಗುಡಿಸುವ ಕೆಲಸ, ತಿಂದವಳಿಗೆ ಅಡುಗೆಮನೆ, ಕಾಪಾಡಿದವಳಿಗೆ ಭಂಡಾರ, ಬೆಳೆಸಿದವಳಿಗೆ ಮನೆಯ ಯಜಮಾನಿಕೆ. ಐದು ಕಾಳುಗಳೆಂದರೆ ಐದು ಮಹಾವ್ರತಗಳು. ದಿಗಂಬರ ಪರಂಪರೆಯು ಈ ಆಗಮಗಳನ್ನು ಪ್ರಮಾಣವೆಂದು ಒಪ್ಪದಿದ್ದರೂ ಕಥೆಯ ಸತ್ತ್ವವನ್ನು ಒಪ್ಪಲು ಅಡ್ಡಿಯಿಲ್ಲ.

ಈ ಕಥೆಗಳ ಅಂತರವನ್ನು ದೊಡ್ಡವರಿಗಿಂತ ಮಗುವೇ ಮೊದಲು ಗುರುತಿಸುತ್ತದೆ. ತಲಾಂತುಗಳ ಕಥೆಯಲ್ಲಿ ಹೂತಿಟ್ಟವನು ಕದಿಯಲಿಲ್ಲ, ಪೋಲು ಮಾಡಲಿಲ್ಲ. ಅವನ ತಪ್ಪು ಹೆದರಿಕೆ. ಹೆದರಿದವನಿಗೆ ಕತ್ತಲೆಯ ಶಿಕ್ಷೆ. ಜೈನ ಕಥೆಯಲ್ಲಿ ಕಾಪಾಡಿದವಳು ಗೌರವದ ಸ್ಥಾನವನ್ನೇ ಪಡೆಯುತ್ತಾಳೆ. ಎಸೆದವಳನ್ನು ಕೂಡ ಮನೆಯಿಂದ ಹೊರಹಾಕುವುದಿಲ್ಲ. ಅವಳವಳ ನಡತೆಯಿಂದಲೇ ಅವಳವಳ ಕೆಲಸ ನಿರ್ಣಯವಾಗುತ್ತದೆ. ಕರ್ಮಸಿದ್ಧಾಂತವನ್ನು ಇದಕ್ಕಿಂತ ತಿಳಿಯಾಗಿ ಆರು ವರ್ಷದ ಮಗುವಿಗೆ ಹೇಳುವುದು ಕಷ್ಟ. ಹಾಗೆಂದು ಕ್ರೈಸ್ತ ಕಥೆಯನ್ನು ಕ್ರೂರವೆಂದು ತಳ್ಳಿಹಾಕುವುದೂ ಸಲ್ಲದು. ಪಡೆದ ಶಕ್ತಿಯನ್ನು ಅಂಜಿಕೆಯಿಂದ ಮುಚ್ಚಿಡುವುದು ಕೊಟ್ಟವನಿಗೆ ಮಾಡುವ ಅಪಚಾರ ಎಂಬುದು ಅದರ ಆಶಯ. ಬಂಡವಾಳವನ್ನು ಕರಡಿಗೆಯಲ್ಲಿ ಬೀಗ ಹಾಕಿಟ್ಟ ಸಮಾಜಕ್ಕೆ ಆ ಬಯ್ಗುಳದಲ್ಲಿ ಕೇಳಿಸಿಕೊಳ್ಳಬೇಕಾದ ಮಾತು ಇದ್ದೇ ಇದೆ.

ಇನ್ನು ತಪ್ಪಿಹೋದ ಮಗನ ಕಥೆ. ಆಸ್ತಿಯ ಪಾಲನ್ನು ಕೇಳಿ ಪಡೆದು, ಎಲ್ಲವನ್ನೂ ಹಾಳುಮಾಡಿ, ಹಸಿದು ಮರಳಿದ ಮಗನನ್ನು ದೂರದಿಂದಲೇ ಕಂಡ ತಂದೆ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಲೋಕದ ಕಥಾಸಾಹಿತ್ಯದಲ್ಲಿ ಇಂಥ ಓಟ ವಿರಳ. ತಪ್ಪು ಮಾಡಿ ಬಾಗಿಲ ಮರೆಯಲ್ಲಿ ನಿಂತ ಯಾವ ಮಗುವಿಗಾದರೂ ಇದು ಅಮೃತ. ಜೈನ ದರ್ಶನದಲ್ಲಿ ಓಡಿಬಂದು ಕರ್ಮವನ್ನು ಕಳೆಯುವ ತಂದೆಯಿಲ್ಲ. ಅಲ್ಲಿ ಕ್ಷಮೆ ಪಡೆಯುವ ವರವಾಗಿರದೆ ನಡೆಸುವ ವ್ರತವಾಗಿದೆ. ದಶಲಕ್ಷಣ ಪರ್ವದ ಕೊನೆಯಲ್ಲಿ ಬರುವ ಕ್ಷಮಾವಣಿಯಂದು ಅಜ್ಜನೂ ಮೊಮ್ಮಗನ ಎದುರು ಕೈಮುಗಿದು ಕ್ಷಮೆ ಕೇಳಬಹುದು. ಅಜ್ಜ ತನಗೆ ಕೈಮುಗಿದ ಆ ಗಳಿಗೆಯನ್ನು ಮಗು ಮರೆಯಲಾರದು. ಆದರೆ ಇಂದು ಕ್ಷಮಾವಣಿ ಬಹುಮಟ್ಟಿಗೆ ದೊಡ್ಡವರು ದೊಡ್ಡವರಿಗೆ ಕಳುಹಿಸುವ ಅಚ್ಚಾದ ಸಂದೇಶವಾಗಿ ಉಳಿದಿದೆ. ಕ್ರೈಸ್ತ ಮಗುವಿಗೆ ಕ್ಷಮೆಯ ಕಥೆ ಸಿಕ್ಕಿದೆ. ಜೈನ ಮಗುವಿಗೆ ಕ್ಷಮೆಯ ಕ್ರಿಯೆಯೇ ಸಿಗಬೇಕಾಗಿತ್ತು. ಅದು ಅದರ ಕೈಗೆ ಬಂದಿಲ್ಲ.

ಇದೇ ಕಥೆಯ ಕೊನೆಯಲ್ಲಿ ಔತಣಕ್ಕಾಗಿ ಕೊಬ್ಬಿದ ಕರುವನ್ನು ಕೊಯ್ಯುತ್ತಾರೆ. ಜೈನ ಮನೆಯ ಮಗು ಕೇಳುವ ಮೊದಲ ಪ್ರಶ್ನೆ ಇದು: ಆ ಕರು ಏನು ತಪ್ಪು ಮಾಡಿತ್ತು? ಈ ಪ್ರಶ್ನೆಯನ್ನು ಅಡಗಿಸಬಾರದು, ಅದನ್ನು ಪರಧರ್ಮವನ್ನು ಹಳಿಯುವ ಕೋಲಾಗಿಯೂ ಬಳಸಬಾರದು. ಏಕೆಂದರೆ ಮಗುವಿನ ಪ್ರಶ್ನೆ ಎರಡು ಕಡೆಗೂ ಹರಿಯುತ್ತದೆ. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯಲ್ಲಿ, ಅಂಕೆಯಿಲ್ಲದ ಸುಖದಲ್ಲಿ ಬೆಳೆದ ಕೋಮಲ ತರುಣನು ಮುನಿಯಾಗಿ ಅಚಲನಾಗಿ ನಿಂತಿರುವಾಗ ನರಿಯೊಂದು ತನ್ನ ಮರಿಗಳೊಡನೆ ಅವನನ್ನು ತಿನ್ನುತ್ತದೆ. ವೈರಾಗ್ಯದ ಪರಾಕಾಷ್ಠೆಯಾಗಿ ಇದು ಮಹತ್ತಾದ ಕಥೆ. ಆದರೆ ಐದು ವರ್ಷದ ಮಗು ಇದನ್ನು ಕೇಳಿದರೆ, ಅವನ ಅಮ್ಮನಿಗೆ ಏನಾಯಿತು ಎಂದು ಕೇಳುತ್ತದೆ, ರಾತ್ರಿ ನರಿಯ ಕನಸು ಕಂಡು ಏಳುತ್ತದೆ. ಎಲ್ಲ ಮಹಾಕಥೆಗಳೂ ಎಲ್ಲ ವಯಸ್ಸಿನ ಕಥೆಗಳಲ್ಲ. ನೋಹನ ನಾವೆಯ ಕಥೆಯನ್ನು ಹೇಳುವ ಶಿಕ್ಷಕಿಯರು ಜೋಡಿ ಜೋಡಿಯಾಗಿ ಏರಿಬರುವ ಆನೆ ಜಿರಾಫೆಗಳನ್ನು ತೋರಿಸಿ, ಮುಳುಗಿಹೋದವರನ್ನು ಕುರಿತು ಮೌನವಾಗಿರುತ್ತಾರೆ. ವಯಸ್ಸಿಗೆ ತಕ್ಕ ಮೌನ ಸುಳ್ಳಾಗುವುದಿಲ್ಲ. ಮಗು ತಾನಾಗಿ ಕೇಳಿದಾಗಲೂ ಬಾಯಿ ಮುಚ್ಚಿಸುವುದು ಮಾತ್ರ ಅಸತ್ಯಕ್ಕೆ ಸಮನಾದುದು.

ಕಥೆಗಳು ಮತಗಳ ಗಡಿಯನ್ನು ಕೇಳಿ ದಾಟುವುದಿಲ್ಲ ಎಂಬುದಕ್ಕೆ ಮಧುಬಿಂದುವಿನ ದೃಷ್ಟಾಂತವೇ ಸಾಕು. ಆನೆಗೆ ಹೆದರಿ ಓಡಿದವನು ಬಾವಿಯೊಳಗೆ ಜೋತುಬಿದ್ದಿದ್ದಾನೆ. ಹಿಡಿದುದನ್ನು ಬಿಳಿಯ ಇಲಿ, ಕರಿಯ ಇಲಿ ಕಡಿಯುತ್ತಿವೆ, ಕೆಳಗೆ ಹೆಬ್ಬಾವು ಬಾಯ್ದೆರೆದಿದೆ. ಅವನಾದರೋ ಮೇಲಿನ ಜೇನುಹುಟ್ಟಿಯಿಂದ ತೊಟ್ಟಿಕ್ಕುವ ಹನಿಯನ್ನು ಚಪ್ಪರಿಸುತ್ತಿದ್ದಾನೆ. ಹರಿಭದ್ರರ ‘ಸಮರಾಇಚ್ಚಕಹಾ’ದಲ್ಲಿಯೂ ಹೇಮಚಂದ್ರರ ‘ಪರಿಶಿಷ್ಟಪರ್ವ’ದಲ್ಲಿಯೂ ಬರುವ ಈ ಕಥೆ ಮಧ್ಯಯುಗದ ಯುರೋಪಿನ ಕ್ರೈಸ್ತರು ಭಕ್ತಿಯಿಂದ ಓದುತ್ತಿದ್ದ ‘ಬರ್ಲಾಮ್ ಮತ್ತು ಜೋಸಫಾತ್’ ಎಂಬ ಗ್ರಂಥದಲ್ಲಿಯೂ ಇದೆ. ಆ ಜೋಸಫಾತನ ಹೆಸರು ‘ಬೋಧಿಸತ್ವ’ ಎಂಬುದರ ರೂಪಾಂತರವೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಭಾರತದ ಶ್ರಮಣರ ಕಥೆಯನ್ನು ಕೇಳಿ ಯುರೋಪಿನ ಕ್ರೈಸ್ತರು ಕೆಡಲಿಲ್ಲ. ಬೈಬಲ್ಲಿನ ಕಥೆಯನ್ನು ಕೇಳಿ ಜೈನ ಮಗುವೂ ಕೆಡುವುದಿಲ್ಲ, ಅದರ ಮನೆಯಲ್ಲಿ ತನ್ನದೇ ಆದ ಒಂದು ಕಥೆಯಿದ್ದರೆ.

ಹಿಟ್ಟಿನ ಕೋಳಿಯ ಎಚ್ಚರಿಕೆ

ಕಥೆಗಿಂತ ಹೆಚ್ಚು ಪರೀಕ್ಷೆಗೆ ಒಳಗಾಗಬೇಕಾದುದು ಚಟುವಟಿಕೆ. ಬಣ್ಣ ಹಚ್ಚುವುದು, ಕಾಗದ ಕತ್ತರಿಸುವುದು, ನಾಟಕವಾಡುವುದು ಇವೆಲ್ಲ ಮಕ್ಕಳ ಆಟವೆಂದು ಹಗುರವಾಗಿ ಭಾವಿಸುವವರುಂಟು. ಜೈನ ಪರಂಪರೆ ಹಾಗೆ ಭಾವಿಸಿಲ್ಲ. 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ ನಿಂತಿರುವುದೇ ಇದರ ಮೇಲೆ. ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಸತ್ತದ್ದು ಕೋಳಿಯಲ್ಲ, ಹಿಟ್ಟು. ಆದರೂ ಕೊಲ್ಲುವ ಸಂಕಲ್ಪ ನಿಜವಾದುದರಿಂದ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕೈ ನಟಿಸಿದುದನ್ನು ಮನಸ್ಸು ಮಾಡಿರುತ್ತದೆ ಎಂಬುದು ಆ ಕಾವ್ಯದ ನಿಷ್ಠುರ ದರ್ಶನ. ಬಲಿಪೀಠದ ಮುಂದೆ ನಿಂತು ಮಾರಿದತ್ತ ರಾಜನಿಗೆ ಈ ಕಥೆಯನ್ನು ಹೇಳುವವರು ಅಭಯರುಚಿ ಅಭಯಮತಿಯರೆಂಬ ಎಳೆಯ ಅಣ್ಣ ತಂಗಿಯರು. ಎತ್ತಿದ ಕತ್ತಿಯನ್ನು ಮಕ್ಕಳ ಕಥೆ ಕೆಳಗಿಳಿಸಿತು.

ಹಿಟ್ಟಿನ ಕೋಳಿಯ ತರ್ಕವನ್ನು ತಿರುಗಿಸಿ ನೋಡಿದರೆ ಅದರ ಇನ್ನೊಂದು ಮುಖ ಕಾಣುತ್ತದೆ. ನಟನೆಯ ಹಿಂಸೆ ಕರ್ಮವನ್ನು ತರುವುದಾದರೆ ನಟನೆಯ ದಯೆಯೂ ಮನಸ್ಸಿನಲ್ಲಿ ಬೇರುಬಿಡಬಲ್ಲದು. ಕಾಗದದ ಪ್ರಾಣಿಗಳನ್ನು ಕತ್ತರಿಸಿ ನಾವೆಯೊಳಗೆ ಒಂದೊಂದಾಗಿ ಇರಿಸುವ ಮಗು ಜೀವಗಳನ್ನು ಕಾಪಾಡುವ ಸಂಕಲ್ಪವನ್ನು ಆಡಿ ಕಲಿಯುತ್ತದೆ. ಈ ದೃಷ್ಟಿಯಿಂದ ಭಾನುವಾರದ ಶಾಲೆಯವರ ಆಯ್ಕೆ ವಿವೇಕದ್ದೇ. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೂ ಇಂಥದೊಂದು ಪಾಠವಿದೆ. ಹಣ್ಣಿನ ಆಸೆಗೆ ಬಂದ ಆರು ಜನರಲ್ಲಿ ಒಬ್ಬನು ಮರವನ್ನೇ ಬುಡಸಹಿತ ಕಡಿಯಹೊರಡುತ್ತಾನೆ, ಇನ್ನೊಬ್ಬನು ದೊಡ್ಡ ಕೊಂಬೆಯನ್ನು, ಮತ್ತೊಬ್ಬನು ರೆಂಬೆಯನ್ನು, ಹೀಗೆ ಇಳಿಯುತ್ತ ಬಂದು ಕೊನೆಯವನು ನೆಲಕ್ಕೆ ಉದುರಿದ ಹಣ್ಣನ್ನಷ್ಟೇ ಆರಿಸಿಕೊಳ್ಳುತ್ತಾನೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಆರು ಪರಿಣಾಮಗಳನ್ನು ಒಂದು ಮರದಲ್ಲಿ ತೋರಿಸಿದ ಚಿತ್ರ ಅದು. ಮಕ್ಕಳ ಕೈಗೆ ಆರು ಬಣ್ಣದ ಕಡ್ಡಿಗಳನ್ನು ಕೊಟ್ಟು ಬರೆಸಬಹುದಾದ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಶಿಬಿರವೂ ಕಂಡುಹಿಡಿಯಬೇಕಾಗಿಲ್ಲ. ಬಂಡೀಪುರದ ಕಾಡಿನ ಅಂಚಿನಲ್ಲಿರುವ ಗುಂಡ್ಲುಪೇಟೆಯ ಮಗುವಿಗೆ ಮರ, ಕೊಂಬೆ, ಉದುರಿದ ಹಣ್ಣು ಯಾವುದೂ ಅಪರಿಚಿತವಲ್ಲ.

ಚಟುವಟಿಕೆಯ ಜೊತೆಗೆ ಬರುವ ಬಹುಮಾನವನ್ನು ಮಾತ್ರ ಇಷ್ಟು ಸುಲಭವಾಗಿ ಒಪ್ಪಲಾಗದು. ವಾಕ್ಯವನ್ನು ಬಾಯಿಪಾಠ ಮಾಡಿದವರಿಗೆ ಚಾಕೊಲೇಟು, ತಪ್ಪದೆ ಬಂದವರಿಗೆ ಉಡುಗೊರೆ ಎಂಬ ಕ್ರಮ ಭಾನುವಾರದ ಶಾಲೆಗಳಲ್ಲಿದೆ, ಅದನ್ನು ನೋಡಿ ಜೈನ ಪಾಠಶಾಲೆಗಳೂ ಅನುಸರಿಸುತ್ತಿವೆ. ತತ್ತ್ವಾರ್ಥಸೂತ್ರವು ವ್ರತಿಯಾದವನು ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನಾಗಿರಬೇಕೆಂದು ಹೇಳುತ್ತದೆ. ಧರ್ಮಾಚರಣೆಗೆ ಪ್ರತಿಯಾಗಿ ಭೋಗವನ್ನು ಬಯಸುವುದೇ ನಿದಾನ. ಣಮೋಕಾರ ಹೇಳಿದರೆ ಮಿಠಾಯಿ ಎಂದು ಕಲಿತ ಮಗು ಧರ್ಮವನ್ನು ಕಲಿಯುವ ಮೊದಲು ನಿದಾನವನ್ನು ಕಲಿತಿರುತ್ತದೆ. ಇದು ಅನ್ಯರ ಮೇಲಿನ ಟೀಕೆಯಲ್ಲ. ಕ್ರೈಸ್ತ ಚಿಂತಕರಲ್ಲಿಯೂ ಕೃಪೆಯನ್ನು ಕೂಲಿಯಾಗಿಸಬಾರದೆಂಬ ಮಾತು ಬಲವಾಗಿಯೇ ಇದೆ.

ಬಹುಮಾನದ ಬೆನ್ನಿಗೇ ಭಯವೂ ಇರುತ್ತದೆ. ನರಕದ ಬೆಂಕಿಯನ್ನು ತೋರಿಸಿ ಮಗುವನ್ನು ನಂಬಿಸುವುದು ಕ್ರೈಸ್ತರಲ್ಲಿ ಕೆಲವರ ದಾರಿಯಾಗಿತ್ತು. ಕುದಿಯುವ ಎಣ್ಣೆ, ಗರಗಸಗಳ ನರಕಚಿತ್ರಗಳು ಜೈನ ಗ್ರಂಥಗಳಲ್ಲಿಯೂ ಕಡಿಮೆಯಿಲ್ಲ. ಭಯದಿಂದ ಇರುವೆಯನ್ನು ತುಳಿಯದ ಮಗು ಯಾರೂ ನೋಡದಾಗ ತುಳಿದೀತು. ಇರುವೆಗೂ ನೋವಾಗುತ್ತದೆಂದು ಅರಿತ ಮಗು ಕತ್ತಲೆಯಲ್ಲಿಯೂ ಕಾಲನ್ನು ಪಕ್ಕಕ್ಕಿಡುತ್ತದೆ. ಅಹಿಂಸೆಯ ಶಿಕ್ಷಣ ಹಿಂಸೆಯ ಬೆದರಿಕೆಯಿಂದ ಆಗಲಾರದು.

ಎಂಟು ವರ್ಷದ ಎಲ್ಲೆ

ಇಷ್ಟಾದ ಮೇಲೂ ಮೂಲಪ್ರಶ್ನೆಯೊಂದು ಉಳಿಯುತ್ತದೆ. ಅರಿವು ಮೂಡದ ಮಗುವಿಗೆ ನಂಬಿಕೆಯನ್ನು ಕೊಡುವುದು ನ್ಯಾಯವೇ? ಅದು ಸಾಧ್ಯವೇ?

ಈ ವಿಷಯದಲ್ಲಿ ಜೈನ ಶಾಸ್ತ್ರದ ಮಾತು ಗಮನಾರ್ಹ. ಸಮ್ಯಗ್ದರ್ಶನವು ನಿಸರ್ಗದಿಂದಾಗಲಿ ಅಧಿಗಮದಿಂದಾಗಲಿ, ಎಂದರೆ ತಾನಾಗಿ ಅಥವಾ ಉಪದೇಶದಿಂದ, ಉಂಟಾಗುತ್ತದೆಂದು ಉಮಾಸ್ವಾತಿಗಳು ಹೇಳಿದ್ದಾರೆ. ಮನುಷ್ಯರಲ್ಲಿ ಅದು ಎಂಟು ವರ್ಷ ಕಳೆದ ಮೇಲೆಯೇ ಹುಟ್ಟಬಲ್ಲುದೆಂದು ಅಕಲಂಕರ ‘ರಾಜವಾರ್ತಿಕ’ ಸ್ಪಷ್ಟಪಡಿಸುತ್ತದೆ. ಜಿನಸೇನಾಚಾರ್ಯರ ‘ಆದಿಪುರಾಣ’ದ ಸಂಸ್ಕಾರಕ್ರಮದಲ್ಲಿಯೂ ಐದನೆಯ ವರ್ಷಕ್ಕೆ ಲಿಪಿಸಂಖ್ಯಾನ, ಎಂಟನೆಯ ವರ್ಷಕ್ಕೆ ಉಪನೀತಿ. ಅತ್ತ ಕಥೋಲಿಕ ಸಭೆಯಲ್ಲಿ ಹತ್ತನೆಯ ಪಯಸ್ ಪೋಪನು 1910ರ ಆಜ್ಞೆಯಲ್ಲಿ ಮಗುವಿಗೆ ವಿವೇಕ ಮೂಡುವ ವಯಸ್ಸನ್ನು ಏಳು ವರ್ಷದ ಆಸುಪಾಸು ಎಂದು ನಿರ್ಣಯಿಸಿ, ಪ್ರಥಮ ಪರಮಪ್ರಸಾದಕ್ಕೆ ಅದನ್ನೇ ಮಿತಿಯಾಗಿಸಿದನು. ಪರಸ್ಪರ ಸಂಬಂಧವಿಲ್ಲದ ಎರಡು ಪರಂಪರೆಗಳು ಮಗುವನ್ನು ಹತ್ತಿರದಿಂದ ನೋಡಿ ಬಹುತೇಕ ಒಂದೇ ಗೆರೆಯನ್ನು ಎಳೆದಿವೆ.

ಈ ಗೆರೆಯನ್ನು ಒಪ್ಪಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಐದಾರು ವರ್ಷದ ಮಗುವಿನಿಂದ ‘ನಾನು ನಂಬುತ್ತೇನೆ’ ಎಂದು ಹೇಳಿಸುವುದು, ಅದು ಯಾವ ಧರ್ಮದ ಹೆಸರಿನಲ್ಲಿಯೇ ಆಗಲಿ, ಬೆಳೆಯದ ಹೊಲದಿಂದ ಕಂದಾಯ ವಸೂಲು ಮಾಡಿದಂತೆ. ಆ ವಯಸ್ಸಿನಲ್ಲಿ ಮಗುವಿಗೆ ದೊರೆಯಬೇಕಾದುದು ನೆಲವನ್ನು ಹದಗೊಳಿಸುವ ಸಂಸ್ಕಾರ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಅಂಗೀಕರಿಸಿತು. ಮಗುವಿನ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ, ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತೆ ದಾರಿ ತೋರುವ ತಂದೆತಾಯಿಯರ ಹಕ್ಕನ್ನೂ ಅದರ 14ನೆಯ ವಿಧಿ ಒಟ್ಟಿಗೆ ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನವರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧೆಯನ್ನು ಕಡ್ಡಾಯ ಮಾಡಬಾರದೆಂಬುದು ನಮ್ಮ ಸಂವಿಧಾನದ 28ನೆಯ ವಿಧಿಯ ಆಶಯ. ತನ್ನ ಮನೆಯ ಮಕ್ಕಳಿಗೆ ತನ್ನ ಧರ್ಮವನ್ನು ಹೇಳಿಕೊಡುವ ಕ್ರೈಸ್ತ ತಾಯಿಯ ಹಕ್ಕು ಜೈನ ತಾಯಿಯ ಹಕ್ಕಿಗಿಂತ ಕಡಿಮೆಯದಲ್ಲ. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕ್ರೈಸ್ತ ಕುಟುಂಬದಲ್ಲಿ ಅಜ್ಜಿ ತಮಿಳಿನಲ್ಲಿ ಹೇಳುವ ಏಸುವಿನ ಕಥೆಗೂ, ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ವಯನಾಡಿನಲ್ಲಿ ನೆಲೆಸಿದ ಕನ್ನಡಮೂಲದ ಜೈನ ಅಜ್ಜಿ ಹೇಳುವ ಪಾರ್ಶ್ವನಾಥರ ಕಥೆಗೂ ಆ ಹಕ್ಕಿನಲ್ಲಿ ಭೇದವಿಲ್ಲ. ಮನೆಯವರಿಗೆ ತಿಳಿಯದಂತೆ ಅನ್ಯರ ಮಗುವಿನ ಮನಸ್ಸಿನಲ್ಲಿ ಬಿತ್ತುವುದು ಮಾತ್ರ ಬೇರೆ ಮಾತು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ, ಅದು ಅಚೌರ್ಯವ್ರತಕ್ಕೆ ವಿರುದ್ಧ. ಈ ಅಳತೆಗೋಲು ಎಲ್ಲರಿಗೂ ಒಂದೇ.

ಮನೆಯ ಕಡೆಗೆ

ಅನೇಕಾಂತವೆಂದರೆ ಎಲ್ಲವೂ ಒಂದೇ ಎಂದು ತಲೆಯಾಡಿಸುವುದಲ್ಲ, ಒಂದೊಂದನ್ನು ಅದರದರ ನಯದಿಂದ ನೋಡಿ ತೂಗುವುದು. ಹಾಗೆ ತೂಗಿದಾಗ ಭಾನುವಾರದ ಶಾಲೆಯಿಂದ ಕಲಿಯಬೇಕಾದುದು ಅದರ ಸಿದ್ಧಾಂತವಲ್ಲ, ಅದರ ಶ್ರದ್ಧೆಯಿಂದ ಕೂಡಿದ ಸಮಯಪಾಲನೆ. ವಾರಕ್ಕೊಮ್ಮೆ, ತಪ್ಪದೆ, ಒಬ್ಬ ದೊಡ್ಡವರು ಮಕ್ಕಳ ಎತ್ತರಕ್ಕೆ ಕುಳಿತು ಮಾತನಾಡುತ್ತಾರೆ. ಜೈನ ಮಗು ಬಸದಿಯಲ್ಲಿ ಕಾಣುವುದೇನು? ಪಂಚಕಲ್ಯಾಣದ ಮೆರವಣಿಗೆ, ಧ್ವನಿವರ್ಧಕ, ಅಭಿಷೇಕದ ಕಳಶಗಳಿಗೆ ನಡೆಯುವ ಸವಾಲು. ಹೆಚ್ಚು ಕೂಗಿದವರಿಗೆ ಮೊದಲ ಕಳಶ ಎಂಬುದನ್ನು ಮಗು ಯಾರೂ ಹೇಳಿಕೊಡದೆ ಕಲಿಯುತ್ತದೆ. ಅಪರಿಗ್ರಹದ ಪಾಠವನ್ನು ಅದು ಬೇರೆ ಎಲ್ಲಿ ಕಲಿಯಬೇಕು?

‘ಆದಿಪುರಾಣ’ದಲ್ಲಿ ಇದಕ್ಕೆ ಒಂದು ದೃಶ್ಯವೇ ಉತ್ತರವಾಗಿದೆ. ರಾಜ್ಯವಾಳುತ್ತಿದ್ದ ವೃಷಭದೇವನು ಬ್ರಾಹ್ಮಿ ಸುಂದರಿಯರೆಂಬ ಇಬ್ಬರು ಹೆಣ್ಣುಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಬ್ಬಳಿಗೆ ಅಕ್ಷರವನ್ನೂ ಇನ್ನೊಬ್ಬಳಿಗೆ ಅಂಕಿಯನ್ನೂ ತಾನೇ ಕಲಿಸುತ್ತಾನೆ. ಲೋಕಕ್ಕೆ ಮೊದಲ ಪಾಠಶಾಲೆ ತಂದೆಯ ತೊಡೆ. ಅಲ್ಲಿ ಬಹುಮಾನವಿಲ್ಲ, ಬೆದರಿಕೆಯಿಲ್ಲ, ಪ್ರಚಾರವಿಲ್ಲ. ತನ್ನ ಹೊತ್ತನ್ನು ಮಗುವಿಗೆ ಕೊಟ್ಟ ದೊಡ್ಡವನೊಬ್ಬನಿದ್ದಾನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಪ್ರಭಾವನೆಗಿಂತ ಮೊದಲು ವಾತ್ಸಲ್ಯವನ್ನು ಹೇಳಿರುವುದು ಇಲ್ಲಿ ನೆನಪಾಗುತ್ತದೆ. ವಾತ್ಸಲ್ಯವಿಲ್ಲದ ಪ್ರಭಾವನೆ ಸದ್ದಾಗಿ ಉಳಿಯುತ್ತದೆ.

ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆಯನ್ನು ಶಾಲೆಯಲ್ಲಿ ಕೇಳಿ ಬ���ದ ಮಗು ಮನೆಯಲ್ಲಿ ಅದನ್ನು ಹೇಳಿದರೆ ಗದರಿಸಬೇಕಾಗಿಲ್ಲ. ಕೇಳಿ, ಮೆಚ್ಚಿ, ರೋಗಿಯ ವಾಂತಿಯನ್ನು ಹೇಸದೆ ತೊಳೆದ ಉದ್ದಾಯನ ರಾಜನ ಕಥೆಯನ್ನು ಅಂದು ರಾತ್ರಿ ಹೇಳಿದರಾಯಿತು. ಮುಂದಿನ ಭಾನುವಾರ ಅರಿಕುಠಾರದ ಬಸದಿಗೆ ಕರೆದೊಯ್ದು, ಬೀಜವಿಲ್ಲದ ಒಕ್ಕಲಿಗನಿಗೆ ಬೀಜ ಕೊಟ್ಟ ದಂಡನಾಯಕನನ್ನು ಕುರಿತು ಈ ಕಲ್ಲು ಒಂಬೈನೂರು ವರ್ಷಗಳಿಂದ ಹೇಳುತ್ತಿದೆ ಎಂದು ಮುಟ್ಟಿ ತೋರಿಸಬಹುದು. ಮನೆಗೆ ಬಂದ ಮೇಲೆ ಐದು ಭತ್ತದ ಕಾಳುಗಳನ್ನು ಅದರ ಅಂಗೈಗೆ ಹಾಕಿ, ಏನು ಮಾಡುತ್ತೀಯೆಂದು ಕೇಳಬಹುದು. ಉತ್ತರವನ್ನು ಮೊದಲೇ ಹೇಳಿಕೊಡಬಾರದು. ಎಸೆದರೂ ತಿಂದರೂ ಕಾಪಾಡಿದರೂ ಬಿತ್ತಿದರೂ ಅದು ಮಗುವಿನದೇ ಆಯ್ಕೆಯಾಗಿರಬೇಕು. ಕಾಳು ಕೊಟ್ಟು ಕಾಯುವುದು ದೊಡ್ಡವರ ಕೆಲಸ. ಸಾರ್ಥವಾಹನೂ ಐದು ವರ್ಷ ಕಾದನು.